ಎರಡು ದಡಗಳೆಂಬ ಕಲ್ಪನೆ: ‘ಹಾರ್ಟ್ ಲ್ಯಾಂಪ್’ ಅನುವಾದದಲ್ಲಿ ಭಾಷಾಸ್ತರಗಳ ಪ್ರಶ್ನೆ

ಸಾಹಿತ್ಯಾನುವಾದವನ್ನು ಸಂಸ್ಕೃತಿಗಳ ನಡುವಣ ಸೇತುವೆ ಎಂದು ಕರೆಯುವುದು ವಾಡಿಕೆ. ಈ ರೂಪಕದ ಹಿಂದೆ ಒಂದು ಗ್ರಹಿಕೆ ಅಡಗಿದೆ: ದಡಗಳು ಎರಡೇ, ಪ್ರತಿಯೊಂದು ದಡವೂ ಒಂದೇ ಭಾಷೆಯದು. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ. ಮೂಲದ ದಡವೇ ಬಹುಭಾಷಿಕವಾಗಿದ್ದಾಗ ಅನುವಾದವು ಏನನ್ನು ದಾಟಿಸುತ್ತದೆ, ಏನನ್ನು ಸಮತಟ್ಟಾಗಿಸುತ್ತದೆ ಎಂಬುದನ್ನು ಈ ಕೃತಿಯ ನೆಲೆಯಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಅನುವಾದಕಿಯ ನಿಲುವು ಸ್ಪಷ್ಟವಾಗಿದೆ. ಉಳಿಸಿಕೊಂಡ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಅವರು ಓರೆ ಅಕ್ಷರಗಳಿಂದ ಬೇರ್ಪಡಿಸಿಲ್ಲ; ಅಡಿಟಿಪ್ಪಣಿಗಳನ್ನೂ ಕೊಟ್ಟಿಲ್ಲ. ಇಂಗ್ಲಿಷ್ ಓದುಗರ ಅನುಕೂಲಕ್ಕಾಗಿ ಮೂಲವನ್ನು ವಿಚಿತ್ರ ವಸ್ತುವಾಗಿಸದ ಈ ಕ್ರಮವನ್ನು ನಾವು ಮೆಚ್ಚುತ್ತೇವೆ. ಆದರೆ ಅದರ ಭಾಷಿಕ ಪರಿಣಾಮವನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಬೇಕಿದೆ.

ಉದಾಹರಣೆಗೆಂದು ನಾವೇ ರಚಿಸಿದ ಒಂದು ವಾಕ್ಯವನ್ನು ಗಮನಿಸಬಹುದು: ‘ಸೆರಗು ಹೊದ್ದ ಹೆಣ್ಣೊಬ್ಬಳು ಮುತವಲ್ಲಿಗೆ ಅರ್ಜಿ ಕೊಟ್ಟಳು.’ ‘ಸೆರಗು’ ದ್ರಾವಿಡ ಮೂಲದ ಮನೆಮಾತು. ‘ಅರ್ಜಿ’, ‘ಮುತವಲ್ಲಿ’ ಎರಡರ ಮೂಲವೂ ಅರಬ್ಬಿ. ಆದರೂ ಶತಮಾನಗಳ ಆಡಳಿತ ವ್ಯವಹಾರದಲ್ಲಿ ಬೆರೆತ ‘ಅರ್ಜಿ’ಯನ್ನು ಕನ್ನಡಿಗರಾರೂ ಪರಕೀಯವೆಂದು ಭಾವಿಸುವುದಿಲ್ಲ, ‘ಮುತವಲ್ಲಿ’ಯಾದರೋ ಒಂದು ಸಮುದಾಯದ ಸಂಸ್ಥೆಯನ್ನು ಕೂಡಲೇ ಸೂಚಿಸುತ್ತದೆ. ವ್ಯುತ್ಪತ್ತಿ ಒಂದೇ, ಸಾಮಾಜಿಕ ದೂರ ಬೇರೆ. ಈ ವಾಕ್ಯ ಇಂಗ್ಲಿಷಿಗೆ ಹೋದಾಗ ‘ಅರ್ಜಿ’ ಅನುವಾದಗೊಂಡು ಕರಗುತ್ತದೆ. ‘ಸೆರಗು’, ‘ಮುತವಲ್ಲಿ’ ಹಾಗೆಯೇ ಉಳಿದರೆ ಎರಡೂ ಸಮಾನವಾಗಿ ಅಪರಿಚಿತವಾಗುತ್ತವೆ. ಮೂಲದಲ್ಲಿ ಹಂತಹಂತವಾಗಿದ್ದ ಆಪ್ತತೆ ಅನುವಾದದಲ್ಲಿ ‘ನಮ್ಮದು–ಅವರದು’ ಎಂಬ ಎರಡೇ ಮನೆಗಳಿಗೆ ಇಳಿಯುತ್ತದೆ. ಓರೆ ಅಕ್ಷರಗಳನ್ನು ಬಿಟ್ಟರೂ ಈ ಕುಸಿತವನ್ನು ತಪ್ಪಿಸಲಾಗದು.

ಸಂಬೋಧನೆಯ ವ್ಯಾಕರಣದಲ್ಲಿಯೂ ಇಂಥದೇ ಸಮಸ್ಯೆ ಎದುರಾಗುತ್ತದೆ. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಎಂಬ ಕಥೆಯ ಶೀರ್ಷಿಕೆಯನ್ನೇ ತೆಗೆದುಕೊಳ್ಳೋಣ. ಮುಸ್ಲಿಂ ಬದುಕಿನ ಕಥೆಗಳನ್ನು ಬರೆದ ಲೇಖಕಿ ಇಲ್ಲಿ ‘ಖುದಾ’, ‘ಅಲ್ಲಾ’ ಎನ್ನದೆ ಸಂಸ್ಕೃತ ಮೂಲದ ‘ಪ್ರಭು’ವನ್ನು ಆರಿಸಿಕೊಂಡಿದ್ದಾರೆ. ಆ ಪದವು ಮೊರೆಯನ್ನು ಒಂದು ಸಮುದಾಯದ ಗಡಿಯಾಚೆ ಒಯ್ಯುತ್ತದೆ. ‘ಆಗು’ ಎಂಬ ಏಕವಚನದ ವಿಧಿರೂಪ ಸಲುಗೆಯನ್ನೂ ಸವಾಲನ್ನೂ ಒಟ್ಟಿಗೆ ಹೊತ್ತಿದೆ. ‘ಆಗಿರಿ’ ಎಂದಿದ್ದರೆ ಅದು ಬಿನ್ನಹ ಮಾತ್ರವಾಗುತ್ತಿತ್ತು. ಇಂಗ್ಲಿಷಿನ ‘ಬಿ’ ಎಂಬ ವಿಧಿರೂಪದಲ್ಲಿ ಏಕವಚನ–ಗೌರವವಚನಗಳ ಭೇದವಿಲ್ಲ. ‘ಓ ಲಾರ್ಡ್’ ಎಂಬುದು ಬೈಬಲ್ಲಿನ ಇಂಗ್ಲಿಷಿನ ನಾದವನ್ನು ಜೊತೆಗೆ ತರುತ್ತದೆ. ಅರ್ಥ ದಾಟಿದೆ, ಆದರೆ ಯಾರ ಭಾಷೆಯಲ್ಲಿ ಯಾರು ದೇವರನ್ನು ನಿಲ್ಲಿಸಿ ಕೇಳುತ್ತಿದ್ದಾರೆ ಎಂಬ ಸೂಚನೆ ಮಸುಕಾಗಿದೆ.

ಇದನ್ನು ಅನುವಾದಕಿಯ ಸೋಲೆಂದು ನಾವು ಎಣಿಸುವುದಿಲ್ಲ. ಲಕ್ಷ್ಯಭಾಷೆಯ ವ್ಯಾಕರಣ ಒದಗಿಸದ ಭೇದವನ್ನು ಪದದ ಆಯ್ಕೆಯೊಂದೇ ತುಂಬಿಕೊಡಲಾರದು. ಸೋಲುವುದು ಸೇತುವೆಯ ರೂಪಕ. ಕನ್ನಡ ಮತ್ತು ಜಗತ್ತು ಭೇಟಿಯಾದವು ಎಂದು ಸಂಭ್ರಮಿಸುವಾಗ, ಈ ಕಥೆಗಳ ಕನ್ನಡದೊಳಗೇ ಅದಕ್ಕೂ ಮೊದಲೇ ನಡೆದಿದ್ದ ಭೇಟಿಯನ್ನು ಅದು ಮರೆಸುತ್ತದೆ. ಮರೆತರೆ, ಕನ್ನಡ ಎಂಬುದು ಒಂದೇ ಸಮುದಾಯದ ಮನೆಮಾತು ಎಂಬ ತಪ್ಪು ಚಿತ್ರ ಅನುವಾದದ ಮೂಲಕವೇ ಗಟ್ಟಿಗೊಳ್ಳುವ ಅಪಾಯವಿದೆ. ಆದುದರಿಂದ ಮೂಲ ಮತ್ತು ಅನುವಾದಗಳ ನಡುವಿನ ದೂರವನ್ನು ಅಳೆಯುವ ಮುನ್ನ, ಮೂಲಪಠ್ಯದೊಳಗಿನ ದೂರಗಳನ್ನು ಗುರುತಿಸುವುದು ಅನುವಾದ ವಿಮರ್ಶೆಯ ಮೊದಲ ಕೆಲಸವಾಗಬೇಕು.