ಮೂಳೆಯ ಸಾಕ್ಷ್ಯ ಮತ್ತು ಮೋರ್ಯರ ಐತಿಹ್ಯ

ಪ್ರಾಗಿತಿಹಾಸದ ಸಮುದಾಯಗಳನ್ನು ಅರಿಯಲು ಪ್ರಾಚೀನ ಡಿಎನ್‌ಎ ಇಂದು ಪ್ರಬಲ ಸಾಧನವಾಗಿದೆ. ಅದು ನೀಡುವ ಉತ್ತರ ಯಾವ ಪ್ರಶ್ನೆಗೆ ಸಲ್ಲುತ್ತದೆ ಎಂಬುದನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2019ರಲ್ಲಿ ಪ್ರಕಟವಾದ ರಾಖಿಗಢಿ ಅಧ್ಯಯನದಲ್ಲಿ 61 ಅಸ್ಥಿ ಮಾದರಿಗಳ ಪೈಕಿ ವಿಶ್ಲೇಷಣೆಗೆ ಸಾಲುವಷ್ಟು ಡಿಎನ್‌ಎ ದೊರೆತದ್ದು ಒಬ್ಬ ಸ್ತ್ರೀಯ ಅವಶೇಷದಿಂದ ಮಾತ್ರ. ಆಕೆಯ ವಂಶಮೂಲದ ಒಂದು ಅಂಶವನ್ನು ಗುರುತಿಸಲು ಅಂಡಮಾನ್ ದ್ವೀಪಗಳ ಇಂದಿನ ಜನರ ವಂಶವಾಹಿಯನ್ನು ಅಳತೆಗೋಲಾಗಿ ಬಳಸಲಾಯಿತು. ವಿಧಾನವಾಗಿ ಇದು ಒಪ್ಪತಕ್ಕದ್ದೇ. ಆದರೆ ಓಂಗೆ ಜನರು ಮುಖ್ಯಭೂಮಿಯವರ ಪೂರ್ವಿಕರಲ್ಲ. ಬಹು ಹಿಂದೆ ಕವಲೊಡೆದ ದಾಯಾದಿಗಳು. 2011ರ ಜನಗಣತಿಯಲ್ಲಿ ಕೇವಲ 101 ಮಂದಿಯಿದ್ದ ಈ ಸಮುದಾಯವನ್ನು ಶಿಲಾಯುಗದ ಉಳಿಕೆಯೆಂದು ಬಣ್ಣಿಸುವ ಜನಪ್ರಿಯ ಬರವಣಿಗೆ, ಅಳತೆಗೋಲನ್ನೇ ಅಳೆದ ವಸ್ತುವೆಂದು ಭ್ರಮಿಸುತ್ತದೆ.

ಕರ್ನಾಟಕದ ಆಕರಗಳು ಇನ್ನೂ ಹೆಚ್ಚಿನ ಎಚ್ಚರವನ್ನು ಬೇಡುತ್ತವೆ. 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಅಲ್ಲಿನ ಶಿಲಾಗೋರಿಗಳ ಮೂಳೆಗಳು ದೇಹವನ್ನು ಬೇರೆಡೆ ಬಯಲಿಗಿಟ್ಟ ಬಳಿಕ ಆಯ್ದು ತಂದವು ಎಂದು ನಿರ್ಣಯಿಸಿದರು. ಹಾಗಿದ್ದಲ್ಲಿ ಯಾರ ಮೂಳೆ, ಎಷ್ಟು ಮೂಳೆ ಉಳಿಯಬೇಕೆಂಬುದನ್ನು ಮೊದಲು ತೀರ್ಮಾನಿಸಿದ್ದು ಆಚರಣೆ. ಗೋರಿಯ ಮಾದರಿಯನ್ನು ಇಡೀ ಸಮುದಾಯದ ಪ್ರತಿನಿಧಿಯೆಂದು ಗ್ರಹಿಸುವ ಮುನ್ನ ಈ ಆಯ್ಕೆಯನ್ನು ವಿವರಿಸಬೇಕಾಗುತ್ತದೆ. ಮಲೆನಾಡಿನಲ್ಲಂತೂ ಅಧಿಕ ಮಳೆಯ ಆಮ್ಲೀಯ ಮಣ್ಣಿನಲ್ಲಿ ಮೂಳೆ ಉಳಿಯುವುದೇ ಅಪರೂಪ. ಕುಂಸಿಯ ನೈಋತ್ಯಕ್ಕಿರುವ ಹೊಸನಗರ ತಾಲ್ಲೂಕಿನ ನಿಲಸ್ಕಲ್‌ನಲ್ಲಿ ಇಂದಿಗೂ ಕಾಣಸಿಗುವುದು ನಿಂತ ಕಲ್ಲುಗಳು ಮತ್ತು ಅವನ್ನು ನೆನಪಿನಲ್ಲಿರಿಸಿದ ಊರ ಹೆಸರು.

ಇದರಿಂದ ಮೌಖಿಕ ಪರಂಪರೆಯೇ ನೇರ ಇತಿಹಾಸವೆಂದು ಹೇಳುವಂತಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಗೃಹಗಳು ಕುಳ್ಳರಾದ ಮೋರ್ಯರ ಮನೆಗಳೆಂಬುದು ಐತಿಹ್ಯ. ಕಲ್ಲುಮನೆಯ ಕಿರಿದಾದ ಕಿಂಡಿಯನ್ನು ಬಾಗಿಲೆಂದು ಓದಿದ ಜನರ ತರ್ಕ ಇದರ ಹಿಂದಿರಬಹುದು. ಗೋರಿಯನ್ನು ಕಟ್ಟಿದವರ ವಂಶಾವಳಿ ಇಲ್ಲಿಲ್ಲ. ಆ ಕಲ್ಲುಗಳೊಡನೆ ಬಾಳಿದ ನಂತರದವರ ವಿವೇಚನೆಯಿದೆ. ತಲೆಬುರುಡೆಯ ಅಳತೆಯಿಂದ ಜನಾಂಗಗಳನ್ನು ವಿಂಗಡಿಸಿದ ಹಿಂದಿನ ಮಾನವಶಾಸ್ತ್ರವೂ ಅಂತಹದೇ ಒಂದು ಐತಿಹ್ಯ. ವ್ಯತ್ಯಾಸವೆಂದರೆ, ಅದು ವಿಜ್ಞಾನದ ಅಧಿಕಾರವಾಣಿಯಲ್ಲಿ ನುಡಿಯಿತು.

ಡಿಎನ್‌ಎ ರಕ್ತಸಂಬಂಧವನ್ನೂ ವಲಸೆಯನ್ನೂ ತಿಳಿಸಬಲ್ಲದು. ನುಡಿ, ಕುಲ, ದೈವಗಳನ್ನಲ್ಲ. ಇಂದಿನ ಜಾತಿ ಹಾಗೂ ಬುಡಕಟ್ಟುಗಳ ಹೆಸರನ್ನು ಪ್ರಾಚೀನ ಅಸ್ಥಿಗೆ ಅಂಟಿಸಿದರೆ ಹಳೆಯ ಜನಾಂಗವಾದವೇ ಹೊಸ ವೇಷದಲ್ಲಿ ಮರಳುತ್ತದೆ. ಆದ್ದರಿಂದ ಮೂಳೆಯ ವರದಿ, ಶವಸಂಸ್ಕಾರದ ವಿವರ ಹಾಗೂ ಸ್ಥಳೀಯ ಕಥನಗಳನ್ನು ಒಂದನ್ನೊಂದು ಪ್ರಶ್ನಿಸುವ ಸಾಕ್ಷ್ಯಗಳಾಗಿ ಜೊತೆಗಿರಿಸಿ ಓದುವುದು ಅಗತ್ಯ. ರಕ್ತದ ಮಾದರಿ ನೀಡುವ ಸಮುದಾಯಗಳಿಗೆ ಆ ಓದಿನಲ್ಲಿ ಉತ್ತರಿಸುವ ಹಕ್ಕೂ ಇರಬೇಕು.