ಮೂರು ಮೊಟ್ಟೆಗಳ ಕಥೆ

ಧ್ರುವಪ್ರದೇಶಗಳ ಪ್ರವಾಸಕಥನವನ್ನು ನಾವು ಸಾಮಾನ್ಯವಾಗಿ ವೀರರಸದ ನಿರೀಕ್ಷೆಯಿಂದ ಕೈಗೆತ್ತಿಕೊಳ್ಳುತ್ತೇವೆ. ಹಿಮ, ಹಸಿವು, ಬಿರುಗಾಳಿ, ಕೊನೆಗೊಂದು ಬಾವುಟ; ಇಷ್ಟಿದ್ದರೆ ಓದುಗನಿಗೆ ತೃಪ್ತಿ. ಆಪ್ಸ್ಲಿ ಚೆರಿ-ಗ್ಯಾರರ್ಡನು 1922ರಲ್ಲಿ ಪ್ರಕಟಿಸಿದ ‘ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್’ ಗ್ರಂಥದಲ್ಲಿ ಇವೆಲ್ಲ ಬೇಕಾದಷ್ಟಿವೆ. ಆದರೂ ಪುಸ್ತಕ ಮುಚ್ಚಿದಾಗ ನಮ್ಮಲ್ಲಿ ಉಳಿಯುವ ಭಾವ ಉತ್ಸಾಹವಲ್ಲ, ಶೋಕ. ವೀರದಿಂದ ಮೊದಲಾದ ಕಥೆ ಕರುಣದಲ್ಲಿ ಬಂದು ನಿಲ್ಲುವ ಬಗೆಯೇ ಇದರ ವೈಶಿಷ್ಟ್ಯವೆಂದು ನನ್ನ ಎಣಿಕೆ.

ಲೇಖಕನು ಕ್ಯಾಪ್ಟನ್ ಸ್ಕಾಟನ 1910-13ರ ದಕ್ಷಿಣಧ್ರುವ ಯಾತ್ರೆಯ ಕಿರಿಯ ಸದಸ್ಯರಲ್ಲೊಬ್ಬ. ಅವನ ದೃಷ್ಟಿ ತೀರ ಮಂದ. ಆ ಚಳಿಯಲ್ಲಿ ಕನ್ನಡಕ ಹಾಕಿಕೊಳ್ಳುವಂತೆಯೂ ಇರಲಿಲ್ಲ. ಗ್ರಂಥದ ಹೆಸರಿನಲ್ಲಿರುವ ‘ಅತಿ ಕಠೋರ ಪ್ರಯಾಣ’ ಧ್ರುವದ ಕಡೆಗೆ ಹೋದದ್ದಲ್ಲ. 1911ರ ಜೂನ್ 27ರಂದು ವಿಲ್ಸನ್, ಬೌವರ್ಸ್ ಮತ್ತು ಲೇಖಕ ಮೂವರೂ ಧ್ರುವರಾತ್ರಿಯ ಕತ್ತಲಲ್ಲಿ ಕೇಪ್ ಇವಾನ್ಸ್‌ನಿಂದ ಸುಮಾರು 67 ಮೈಲಿ ದೂರದ ಕೇಪ್ ಕ್ರೋಜಿಯರ್‌ಗೆ ಹೊರಟರು. ಉದ್ದೇಶ, ಎಂಪರರ್ ಪೆಂಗ್ವಿನ್ ಹಕ್ಕಿಯ ಮೊಟ್ಟೆಗಳನ್ನು ತರುವುದು. ಸರೀಸೃಪಗಳಿಗೂ ಪಕ್ಷಿಗಳಿಗೂ ಇರುವ ಸಂಬಂಧ ಆ ಭ್ರೂಣದಲ್ಲಿ ಕಂಡೀತೆಂಬುದು ಅಂದಿನ ಊಹೆ. ಹಕ್ಕಿ ಮೊಟ್ಟೆಯಿಡುವುದೋ ನಡುಚಳಿಗಾಲದಲ್ಲಿ!

ಈ ಐದು ವಾರಗಳ ವರ್ಣನೆಯೇ ಗ್ರಂಥದ ಹೃದಯ. ಉಷ್ಣಮಾನ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುತ್ತದೆ. ಡೇರೆಯಿಂದ ಹೊರಬಂದು ತಲೆಯೆತ್ತಿ ನೋಡಿದೊಡನೆ ಉಡುಪು ಹಾಗೆಯೇ ಹೆಪ್ಪುಗಟ್ಟುತ್ತದೆ. ಮತ್ತೆ ನಾಲ್ಕು ಗಂಟೆ ತಲೆಯೆತ್ತಿಕೊಂಡೇ ಬಂಡಿ ಎಳೆಯಬೇಕು. ಬಿರುಗಾಳಿ ಡೇರೆಯನ್ನೇ ಹಾರಿಸಿಕೊಂಡು ಹೋಗುತ್ತದೆ. ಅದು ಮತ್ತೆ ಸಿಕ್ಕದಿದ್ದರೆ ಮೂವರಿಗೂ ಮರಣವೇ. ಲೇಖಕನು ಎಲ್ಲಿಯೂ ಧ್ವನಿಯೇರಿಸುವುದಿಲ್ಲ. ಅಂಥ ಸಂಕಟದಲ್ಲೂ ಗೆಳೆಯರು ಪರಸ್ಪರ ವಿನಯದ ಮಾತು ಮರೆಯಲಿಲ್ಲವೆಂದು ಸ್ಮರಿಸುತ್ತಾನೆ. ಈ ಸಂಯಮದಿಂದಲೇ ವರ್ಣನೆಗೆ ಬಲ ಬಂದಿದೆ.

ತೆಗೆದುಕೊಂಡ ಐದು ಮೊಟ್ಟೆಗಳಲ್ಲಿ ಎರಡು ದಾರಿಯಲ್ಲೇ ಒಡೆದವು. ಉಳಿದ ಮೂರನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲು ಹೋದಾಗ ತನಗೆ ದೊರೆತ ಉಪೇಕ್ಷೆಯನ್ನೂ ರಸೀದಿಗಾಗಿ ಕಾದು ಕುಳಿತದ್ದನ್ನೂ ಅವನು ಕಹಿಹಾಸ್ಯದಿಂದ ಬಣ್ಣಿಸಿದ್ದಾನೆ. ಗ್ರಂಥ ಪ್ರಕಟವಾಗಿ ಹನ್ನೆರಡು ವರ್ಷಗಳ ಮೇಲೆ, 1934ರಲ್ಲಿ, ಆ ಭ್ರೂಣಗಳಿಂದ ವಿಜ್ಞಾನಕ್ಕೆ ಹೆಚ್ಚಿನ ಪ್ರಯೋಜನವಾಗಲಿಲ್ಲವೆಂಬ ವರದಿ ಹೊರಬಿತ್ತು.

ಆದರೆ ಲೇಖಕನನ್ನು ಜೀವನವೆಲ್ಲ ಕಾಡಿದ ಪ್ರಶ್ನೆ ಬೇರೆ. 1912ರ ಮಾರ್ಚ್ 4ರಿಂದ 10ರವರೆಗೆ ಅವನು ನಾಯಿಬಂಡಿಗಳೊಡನೆ ‘ಒನ್ ಟನ್’ ಎಂಬ ಆಹಾರ ದಾಸ್ತಾನಿನಲ್ಲಿ ಸ್ಕಾಟನ ದಾರಿ ಕಾದು ಹಿಂದಿರುಗಿದನು. ನಾಯಿಗಳಿಗೆ ಆಹಾರ ಸಾಲದು. ಅವನ್ನು ಅಪಾಯಕ್ಕೊಡ್ಡಬಾರದೆಂಬ ಆಜ್ಞೆ ಬೇರೆ. ನವೆಂಬರ್‌ನಲ್ಲಿ ಅಲ್ಲಿಂದ ಕೇವಲ 11 ಮೈಲಿ ದಕ್ಷಿಣಕ್ಕೆ ಸ್ಕಾಟನ ಡೇರೆ ದೊರೆಯಿತು. ಅದರಲ್ಲಿ ಸ್ಕಾಟನ ಪಕ್ಕದಲ್ಲಿ ಸತ್ತು ಮಲಗಿದ್ದವರು ಮೊಟ್ಟೆ ತರಲು ಜೊತೆಗೆ ಬಂದಿದ್ದ ಆ ವಿಲ್ಸನ್, ಆ ಬೌವರ್ಸ್! ಕೆಲವು ನಾಯಿಗಳನ್ನು ಕೊಂದು ಉಳಿದವಕ್ಕೆ ತಿನ್ನಿಸುತ್ತ ಮುಂದೆ ಹೋಗಬಹುದಿತ್ತೇ? ತಾನು ಕಾಯುತ್ತಿದ್ದಾಗ ಅವರು ಇನ್ನೂ ಬಹುದೂರದಲ್ಲಿದ್ದರು, ಹೋಗಿದ್ದರೂ ಅವರನ್ನು ಕಾಣುವ ಸಂಭವ ಕಡಿಮೆ ಎಂದು ಅವನು ಲೆಕ್ಕ ಹಾಕಿ ತೋರಿಸುತ್ತಾನೆ. ಲೆಕ್ಕ ಸರಿಯಾಗಿಯೇ ಇದೆ. ಮನಸ್ಸು ಮಾತ್ರ ಒಪ್ಪದು.

ಗ್ರಂಥದಲ್ಲಿ ದೋಷಗಳಿಲ್ಲದಿಲ್ಲ. ಹಡಗಿನ ಪ್ರಯಾಣದ ಭಾಗ ದೀರ್ಘವಾಗಿದೆ. ಸಮರ್ಥನೆಯ ಪುಟಗಳು ಕಥನದ ಓಟವನ್ನು ತಡೆಯುತ್ತವೆ. ಆದರೆ ಬೌವರ್ಸನ ಪತ್ರಗಳಿಗೂ ನಾವಿಕ ಲ್ಯಾಷ್ಲಿಯ ಸರಳ ದಿನಚರಿಗೂ ಧಾರಾಳವಾಗಿ ಸ್ಥಳ ಕೊಟ್ಟಿರುವ ಔದಾರ್ಯ ಇಂಥ ಗ್ರಂಥಗಳಲ್ಲಿ ಅಪರೂಪ. ಸ್ಕಾಟನ ಕಡೆಯ ದಿನಚರಿಯಲ್ಲಿ ಅವನು ದೇಶವನ್ನು ಉದ್ದೇಶಿಸಿ ನುಡಿಯುತ್ತಾನೆ. ಚೆರಿ-ಗ್ಯಾರರ್ಡನು ಬದುಕಿ ಹಿಂದಿರುಗಿದವನು, ತನ್ನ ಅಂತಃಸಾಕ್ಷಿಯ ಮುಂದೆ ನಿಂತು ಬರೆಯುತ್ತಾನೆ. ಮೊದಲ ಅಧ್ಯಾಯಗಳ ಉದ್ದಕ್ಕೆ ಬೇಸರಪಡದೆ ಓದುಗರು ಚಳಿಗಾಲದ ಪ್ರಯಾಣದವರೆಗೆ ಬರಲಿ; ಆಮೇಲೆ ಗ್ರಂಥವೇ ಅವರನ್ನು ಕೊನೆಯವರೆಗೆ ಕರೆದೊಯ್ಯುತ್ತದೆ.