ಲಾ ಫೊಂತೇನನ ನೀರುಕಾಗೆ

ಫ್ರೆಂಚ್ ಕವಿ ಲಾ ಫೊಂತೇನನು 1679ರಲ್ಲಿ ಪ್ರಕಟವಾದ ತನ್ನ ನೀತಿಕಥೆಗಳ ಹತ್ತನೆಯ ಪುಸ್ತಕದಲ್ಲಿ ‘ಮೀನುಗಳೂ ನೀರುಕಾಗೆಯೂ’ ಎಂಬ ಕಥೆಯನ್ನು ಹೇಳಿದ್ದಾನೆ. ಪಂಚತಂತ್ರದ ಬಕ-ಕರ್ಕಟಕ ವೃತ್ತಾಂತವೇ ಇದರ ಮೂಲ. ಅಲ್ಲಿ ವಂಚಕ ಬಕನ ಕೊರಳನ್ನು ಏಡಿಯು ಕತ್ತರಿಸುತ್ತದೆ. ಇಲ್ಲಿ ಹಕ್ಕಿಗೆ ದಂಡನೆಯೇ ಇಲ್ಲ. ಕಣ್ಣು ಮಂದವಾದ ಮುದಿ ನೀರುಕಾಗೆ, ಕೊಳದ ಒಡೆಯನು ಬಲೆ ಬೀಸಲಿರುವನೆಂದು ಹೆದರಿಸಿ, ಮೀನುಗಳನ್ನು ಬೇರೆಡೆಗೆ ಸಾಗಿಸಿ ತಿನ್ನುತ್ತದೆ. ಭಕ್ಷಕರನ್ನು ನಂಬಬಾರದೆಂಬ ನೀತಿಯ ಬೆನ್ನಲ್ಲೇ ಕವಿಯು, ಹೇಗೂ ಮನುಷ್ಯನು ತಿನ್ನುತ್ತಿದ್ದನಷ್ಟೆ, ಯಾರ ಹೊಟ್ಟೆಯಾದರೇನು ಎನ್ನುತ್ತಾನೆ.

ಇದನ್ನು ಕೇವಲ ವಿನೋದವೆಂದು ಬಿಡುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ. ವಂಚನೆಯ ಕಥೆ ಇದರಿಂದ ಇಬ್ಬರು ಭಕ್ಷಕರ ಸ್ಪರ್ಧೆಯ ಕಥೆಯಾಗುತ್ತದೆ. ಯುರೋಪಿನಲ್ಲಿ ಆ ಸ್ಪರ್ಧೆ ಇಂದಿಗೂ ಮುಗಿದಿಲ್ಲ. 1979ರ ಪಕ್ಷಿ ನಿರ್ದೇಶವು ನೀರುಕಾಗೆಗೆ ರಕ್ಷಣೆ ನೀಡಿತು. ಸಂಖ್ಯೆ ಹೆಚ್ಚಿದ ಮೇಲೆ, 1997ರಲ್ಲಿ, ಅದರ ಭೂಖಂಡೀಯ ಉಪಜಾತಿಯನ್ನು ವಿಶೇಷ ರಕ್ಷಣೆಯ ಪಟ್ಟಿಯಿಂದ ತೆಗೆಯಲಾಯಿತು. ಮೀನುಗಾರಿಕೆಗೆ ಗಂಭೀರ ಹಾನಿಯಾಗುವಲ್ಲಿ, ಅನ್ಯೋಪಾಯವಿಲ್ಲದಿದ್ದರೆ, ಕೊಲ್ಲಲೂ ಅವಕಾಶವುಂಟು.

ಹಕ್ಕಿಯೊಂದು ದಿನಕ್ಕೆ ಸುಮಾರು ಅರ್ಧ ಕಿಲೋಗ್ರಾಂ ಮೀನು ತಿನ್ನುತ್ತದೆ. ಅದನ್ನು ಹಕ್ಕಿಗಳ ಸಂಖ್ಯೆಯಿಂದ ಗುಣಿಸಿ ಬಂದುದನ್ನೆಲ್ಲ ನಷ್ಟವೆನ್ನುವುದು ಹೊಳೆಯ ವಿಷಯದಲ್ಲಿ ಸಾಧುವಲ್ಲ. ಹಕ್ಕಿ ತಿಂದ ಮೀನೆಲ್ಲವೂ ಬಲೆಗೆ ಬೀಳುತ್ತಿದ್ದುದಲ್ಲ. ಮರಿ ಬಿಟ್ಟು ಸಾಕಿದ ಕೊಳದಲ್ಲಾದರೋ ನಷ್ಟವು ನಿಜವಾದುದೇ. ಕವಿಯು ಆರಿಸಿಕೊಂಡದ್ದು ಒಡೆಯನಿರುವ ಕೊಳವನ್ನೇ. ಆದರೆ ಒಡೆಯನಿಗೆ ಬಾಯಿ ಕೊಡಲಿಲ್ಲ. ಮೀನಿಗೆ ಹೊಟ್ಟೆಗಳೆರಡೂ ಸಮ, ಸಾಕಿದವನಿಗೆ ಸಮವಲ್ಲ. ಈ ಎರಡನೆಯ ದೃಷ್ಟಿಗೆ ಎಡೆಗೊಡದಿರುವುದು ಕಥೆಯ ಮಿತಿ. ಏಡಿಯಂತೆ ಕೊರಳು ಕತ್ತರಿಸಲು ಆತುರಪಡದಿರುವುದು ಅದರ ಹಿರಿಮೆ.